ಕಳೆದ ಪುಸ್ತಕದ ಬೆಲೆ ಯಾರಿಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಗ್ರಂಥಾಲಯಗಳು ತಮ್ಮ ಪುಸ್ತಕಗಳನ್ನು ಪರಸ್ಪರ ಎರವಲು ಕೊಟ್ಟು ತಕ್ಕೊಳ್ಳಬೇಕೆಂಬುದು ನಮ್ಮ ಆಗ್ರಹ. ಆದರೆ ಇಂಡಿಯ ಪುಸ್ತಕವು ಸಿಂದಗಿಯ ವಾಚಕನ ಕೈಯಲ್ಲಿ ಕಳೆದುಹೋದರೆ ಅದರ ಬೆಲೆಯನ್ನು ತುಂಬಿಕೊಡುವವರಾರು? ಇದನ್ನು ಮೊದಲೇ ಬಗೆಹರಿಸದಿದ್ದರೆ ಗ್ರಂಥಪಾಲರು ಕಪಾಟಿನ ಕೀಲಿ ತೆಗೆಯಲಾರರು. ಅದು ಅವರ ತಪ್ಪೂ ಅಲ್ಲ. ಲೆಕ್ಕ ಒಪ್ಪಿಸಬೇಕಾದವರು ಅವರೇ.

ಹೊರನಾಡುಗಳ ಗ್ರಂಥಾಲಯಗಳಲ್ಲಿ ರೂಢವಾದ ನಿಯಮವು ಸ್ಪಷ್ಟವಿದೆ: ಪುಸ್ತಕವು ಕೊಟ್ಟವರ ಮನೆ ಬಿಟ್ಟ ಗಳಿಗೆಯಿಂದ ಮರಳಿ ಮುಟ್ಟುವವರೆಗೆ ತರಿಸಿಕೊಂಡ ಗ್ರಂಥಾಲಯವೇ ಹೊಣೆ. ಸಿಂದಗಿಯು ಇಂಡಿಗೆ ಬೆಲೆಯನ್ನು ಸಲ್ಲಿಸಿ, ಆಮೇಲೆ ತನ್ನ ವಾಚಕನ ಠೇವಣಿಯಿಂದ ವಸೂಲು ಮಾಡಿಕೊಳ್ಳಲಿ. ತಡಮಾಡಿದ್ದಕ್ಕೆ ಹಾಕಿದ ದಂಡವು ಸಿಂದಗಿಯಲ್ಲಿಯೇ ಉಳಿಯಲಿ, ಅಡ್ಡಿಯಿಲ್ಲ.

ಬೆಲೆಯೆಂದರೆ ಪುಸ್ತಕದ ಮೇಲೆ ಅಚ್ಚಾದದ್ದೇ? 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಗ್ರಂಥದ ಮೊದಲ ಮುದ್ರಣದ ಪ್ರತಿಯು ಹೋದರೆ, ಆಗಿನ ಆಣೆಗಳ ಲೆಕ್ಕದಿಂದ ಏನು ಬಂದೀತು? ಅಂಥವನ್ನು ಹೊರಗೆ ಕಳಿಸದೆ ಅಲ್ಲಿಯೇ ಕುಳಿತು ಓದಗೊಡಬೇಕು. ಉಳಿದವುಗಳಿಗೆ ಹಣದ ಬದಲು ಅದೇ ಪುಸ್ತಕದ ಹೊಸ ಪ್ರತಿಯನ್ನು ಸ್ವೀಕರಿಸುವುದು ಲೇಸು.

1965ರ ಕಾಯದೆಯಂತೆ ಪಟ್ಟಣಿಗರು ಮನೆಯ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ತೆರುತ್ತಾರೆ. ವಿಜಯಪುರದ ಜಿಲ್ಲಾ ಗ್ರಂಥಾಲಯದ ಅಧಿಕಾರಿಗಳು ಈ ನಿಯಮವನ್ನು ಗೊತ್ತುಪಡಿಸಿ, ನಾಲ್ಕೂ ಊರುಗಳ ಗ್ರಂಥಾಲಯದ ಬಾಗಿಲಿಗೆ ಅಂಟಿಸಲಿ.