ಗೆರೆಗೂ ಗೇಣಿ

ದೆಹಲಿಯಲ್ಲಿ ನವೆಂಬರ್ ಬಂತೆಂದರೆ ಗಾಳಿಯ ಲೆಕ್ಕ ಶುರುವಾಗುತ್ತದೆ. ಗಾಳಿ ತೀರಾ ಕೆಟ್ಟಾಗ ಗ್ರ್ಯಾಪ್ ಎಂಬ ಕ್ರಮಯೋಜನೆಯ ಮೂರನೇ ಹಂತ ಜಾರಿಗೆ ಬರುತ್ತದೆ. ನೋಯ್ಡಾ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್‌ಗಳಲ್ಲಿ ಬಹುಪಾಲು ಕಟ್ಟಡದ ಕೆಲಸ ನಿಲ್ಲುತ್ತದೆ. ಮಿಕ್ಸರ್ ಸುಮ್ಮನಾಗುತ್ತದೆ, ಕಬ್ಬಿಣ ಕಟ್ಟುವವರು ಬಿಹಾರದ ರೈಲು ಹತ್ತುತ್ತಾರೆ. 2024ರ ಚಳಿಗಾಲದಲ್ಲಿ ನಾಲ್ಕನೇ ಹಂತವೂ ಬಂದು, ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಸೆಸ್ ನಿಧಿಯಿಂದ ಹಣ ಕೊಡಿ ಎಂದು ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು.

ನಕ್ಷೆ ಬರೆಯುವ ಸಣ್ಣ ಕಚೇರಿಯ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ನೋಯ್ಡಾದ ಯಾವುದೋ ಸೆಕ್ಟರಿನಲ್ಲಿ ಐದು ಜನರ ಒಂದು ವಾಸ್ತುಶಿಲ್ಪ ಕಚೇರಿ ಇದೆ ಎಂದುಕೊಳ್ಳಿ. ಅದರ ಶುಲ್ಕ ಬರುವುದು ಹಂತ ಹಂತವಾಗಿ: ತಳಪಾಯಕ್ಕಿಷ್ಟು, ಸ್ಲ್ಯಾಬಿಗಿಷ್ಟು. ಸೈಟ್ ನಿಂತರೆ ಬಿಲ್ಲೂ ನಿಂತಿತು. ಕಚೇರಿಯ ಮಾಲೀಕನ ಹತ್ತಿರ ಬಾಡಿಗೆಗೆ ಹದಿನೈದು ದಿನ ಕೇಳಬಹುದು, ಹುಡುಗರ ಹತ್ತಿರ ಸಂಬಳಕ್ಕೆ ಒಂದು ವಾರ ಕೇಳಬಹುದು. ಕೇಳಲಾಗದ್ದು ಒಂದೇ ಒಂದು. ಅವರೆಲ್ಲ ಗೆರೆ ಎಳೆಯುವ ಸಾಫ್ಟ್‌ವೇರಿನ ಚಂದಾ. ಆ ತಾರೀಖು ದಾಟಿದರೆ ಮರುದಿನ ಬೆಳಿಗ್ಗೆ ಪರದೆಯ ಮೇಲೆ ಬರುವುದು ನಕ್ಷೆಯಲ್ಲ, ನವೀಕರಿಸಿ ಎಂಬ ನೋಟಿಸು.

ಹತ್ತು ವರ್ಷದ ಹಿಂದೆ ಹೀಗಿರಲಿಲ್ಲ. 1982ರಲ್ಲಿ ಹೊರಬಂದ ಆಟೋಕ್ಯಾಡನ್ನು ಮೂರು ದಶಕಗಳ ಕಾಲ ಜನ ಕೊಳ್ಳುತ್ತಿದ್ದರು. ದುಬಾರಿಯಾಗಿತ್ತು, ನಿಜ. ಆದರೆ ಒಮ್ಮೆ ಕೊಂಡದ್ದು ಕಂಪ್ಯೂಟರ್ ಉಸಿರಾಡುವವರೆಗೆ ನಡೆಯುತ್ತಿತ್ತು. ಆಟೊಡೆಸ್ಕ್ ಕಂಪನಿ 2016ರ ಜನವರಿ 31ಕ್ಕೆ ತನ್ನ ಬಹುತೇಕ ಬಿಡಿ ಉತ್ಪನ್ನಗಳ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿತು. ಅದೇ ಜುಲೈ ಕೊನೆಗೆ ಸೂಟ್‌ಗಳದ್ದೂ ಮುಗಿಯಿತು. ಹಳೆಯ ಲೈಸೆನ್ಸ್ ಇಟ್ಟುಕೊಂಡು ನಿರ್ವಹಣಾ ಶುಲ್ಕ ಕಟ್ಟುತ್ತಿದ್ದವರಿಗೆ 2017ರಿಂದ ಮೂರು ವರ್ಷ ಕ್ರಮವಾಗಿ ಶೇ 5, ಶೇ 10, ಶೇ 20 ಏರಿಕೆ. 2021ರ ಹೊತ್ತಿಗೆ ಆ ಯೋಜನೆಯನ್ನೇ ಮುಚ್ಚಲಾಯಿತು. ಬಾಗಿಲು ತೆರೆದೇ ಇದೆ ಎನ್ನುತ್ತ ನೆಲಹಾಸನ್ನು ಎಳೆಯುವ ರೀತಿ ಇದು. ನಡುವೆ 2020ರ ಆಗಸ್ಟಿನಲ್ಲಿ, ಹಲವರು ಸರದಿಯಂತೆ ಬಳಸುವ ಹಂಚಿಕೆಯ ಲೈಸೆನ್ಸನ್ನು ತೆಗೆದು ತಲೆಗೊಂದು ಲೈಸೆನ್ಸ್ ಎಂದಾಯಿತು. ಗುರುಗ್ರಾಮದಲ್ಲಿ ಹಗಲೊಬ್ಬ, ಅಮೆರಿಕದ ಗಿರಾಕಿಗಾಗಿ ರಾತ್ರಿಯೊಬ್ಬ ಒಂದೇ ಕುರ್ಚಿಯಲ್ಲಿ ಕೂತು ನಕ್ಷೆ ಮಾಡುವ ಕಚೇರಿಗಳಿಗೆ ಇದರ ಅರ್ಥ ತಕ್ಷಣ ತಿಳಿಯಿತು. ಕುರ್ಚಿ ಒಂದೇ ಆದರೂ ಬಾಡಿಗೆ ಎರಡು.

ಲೆಕ್ಕ ಕಷ್ಟದ್ದೇನಲ್ಲ. ಬದಲಾವಣೆಯ ಹೊತ್ತಿಗೆ ಅಮೆರಿಕದಲ್ಲಿ ಆಟೋಕ್ಯಾಡಿನ ಶಾಶ್ವತ ಲೈಸೆನ್ಸಿಗೆ ಸುಮಾರು 4,200 ಡಾಲರ್, ವರ್ಷದ ಚಂದಾಗೆ ಸುಮಾರು 1,680. ಎರಡೂವರೆ ವರ್ಷ ದಾಟಿದರೆ ಕೊಂಡವನೇ ಗೆದ್ದ. ಐದು ವರ್ಷ ಹಳೆಯ ಆವೃತ್ತಿಯಲ್ಲೇ ಕೆಲಸ ತೆಗೆಯುವುದು ನಮ್ಮ ಕಚೇರಿಗಳಿಗೆ ಹೊಸದೇನಲ್ಲ. ಹಾಗೆ ನೋಡಿದರೆ ಅದೇ ಅವುಗಳ ಜಾಣತನವಾಗಿತ್ತು. ಗೋಡೆ, ಬಾಗಿಲು, ಮೆಟ್ಟಿಲು 2014ರ ಆವೃತ್ತಿಯಲ್ಲೂ ಹಾಗೇ ಮೂಡುತ್ತವೆ.

ಕನ್ನಡದಲ್ಲಿ ಈ ವ್ಯವಸ್ಥೆಗೆ ಹಳೆಯ ಹೆಸರೊಂದಿದೆ: ಗೇಣಿ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಟ್ರಿಬ್ಯೂನಲ್ ಮುಂದೆ ಡಿಕ್ಲರೇಷನ್ ಹಾಕಲು ಸಾಲುಗಟ್ಟಿದವರ ಮಕ್ಕಳು ಮೊಮ್ಮಕ್ಕಳೇ ಇಂದು ಬೆಂಗಳೂರಿನಲ್ಲೂ ಗುರುಗ್ರಾಮದಲ್ಲೂ ಈ ಪರದೆಗಳ ಮುಂದೆ ಕೂತಿದ್ದಾರೆ. ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ, ಮುರಿಯುವುದು ಒಡೆಯನ ಪರವಾಗಿ. ಗೇಣಿದಾರ ಧಣಿಯ ಪಾಲು ಅಳೆದುಕೊಟ್ಟ ಮೇಲೆ ಉಳಿದ ಭತ್ತ ಅವನದೇ. ಮುಂದಿನ ವರ್ಷ ಗದ್ದೆ ಬಿಡಿಸಿದರೂ ಕಣಜದಲ್ಲಿದ್ದ ಹಳೆಯ ಭತ್ತವನ್ನು ಅಡುಗೆಗೆ ತೆಗೆದುಕೊಳ್ಳಲು ಯಾರನ್ನೂ ಕೇಳಬೇಕಿರಲಿಲ್ಲ. ಇಲ್ಲಿ ಕಣಜದ ಬೀಗವೂ ಧಣಿಯದೇ. ಫೈಲು ನಿಮ್ಮದೇ ಎಂದು ಕಂಪನಿ ಹೇಳುತ್ತದೆ, ಅದು ಸುಳ್ಳಲ್ಲ. ನೋಡಲು ಪುಕ್ಕಟೆ ವೀಕ್ಷಕವನ್ನೂ ಕೊಡುತ್ತದೆ. ನೋಡಬಹುದು, ಒಂದು ಬಾಗಿಲನ್ನು ಅರ್ಧ ಅಡಿ ಸರಿಸುವಂತಿಲ್ಲ.

ಡಿಡಬ್ಲ್ಯುಜಿ ಫೈಲಿನಲ್ಲಾದರೂ ಒಂದಿಷ್ಟು ಉಸಿರಾಟವಿದೆ. ಅದನ್ನು ಹಳೆಯ ಆವೃತ್ತಿಗೆ ಇಳಿಸಿ ಉಳಿಸಬಹುದು, ಬೇರೆ ಕಂಪನಿಗಳ ತಂತ್ರಾಂಶದಲ್ಲೂ ತೆರೆಯಬಹುದು. 1998ರಿಂದ ಒಂದು ಒಕ್ಕೂಟ ಆ ಗುಟ್ಟನ್ನು ಬಿಡಿಸುವ ಕೆಲಸದಲ್ಲೇ ತೊಡಗಿದೆ. ರೆವಿಟ್‌ನ ಕಥೆ ಬೇರೆ. ಈ ವರ್ಷದ ರೆವಿಟ್ ಫೈಲನ್ನು ಹಿಂದಿನ ವರ್ಷದ ರೆವಿಟ್ ತೆರೆಯುವುದಿಲ್ಲ, ಹಿಂದಿನದಕ್ಕೆ ಇಳಿಸಿ ಉಳಿಸಲೂ ಬರುವುದಿಲ್ಲ. ಹಾಗಾಗಿ 2015ರಲ್ಲಿ ಶಾಶ್ವತ ಲೈಸೆನ್ಸ್ ಕೊಂಡ ಕಚೇರಿಯೂ ಗಿರಾಕಿ ಹೊಸ ಆವೃತ್ತಿಯ ಫೈಲು ಕಳಿಸಿದ ದಿನ ಚಂದಾದಾರನಾಗಲೇಬೇಕು. 2020ರ ಜುಲೈನಲ್ಲಿ ಬ್ರಿಟನ್ನಿನ ಇಪ್ಪತ್ತಕ್ಕೂ ಹೆಚ್ಚು ವಾಸ್ತುಶಿಲ್ಪ ಸಂಸ್ಥೆಗಳು, ಝಹಾ ಹದೀದ್ ಆರ್ಕಿಟೆಕ್ಟ್ಸ್ ಅಂಥ ದೊಡ್ಡವೂ ಸೇರಿ, ಖರ್ಚು ಏರುತ್ತಿದೆ, ರೆವಿಟ್ ಮಾತ್ರ ಸುಧಾರಿಸುತ್ತಿಲ್ಲ ಎಂದು ಆಟೊಡೆಸ್ಕ್‌ಗೆ ಬಹಿರಂಗ ಪತ್ರ ಬರೆದವು. ಅಷ್ಟು ದೊಡ್ಡವರಿಗೇ ಪತ್ರ ಬರೆಯುವ ಗತಿ ಬಂದಿರುವಾಗ ಲಾಜಪತ್ ನಗರದ ಎರಡು ಕೋಣೆಯ ಕಚೇರಿಯ ಮಾತು ಯಾರಿಗೆ ಕೇಳೀತು?

ಫರೀದಾಬಾದಿನ ಅಚ್ಚು ತಯಾರಕರ ಪಾಡು ಇನ್ನೊಂದು ಬಗೆಯದು. ಕಾರಿನ ಬಿಡಿಭಾಗಕ್ಕೆಂದು ಮಾಡಿದ ಅಚ್ಚು ಎಂಟು ಹತ್ತು ವರ್ಷ ದುಡಿಯುತ್ತದೆ. ಸವೆದಾಗ ಅದೇ ಮಾದರಿಯನ್ನು ತೆರೆದು ಎಲ್ಲೋ ಒಂದು ಕೋನ ತಿದ್ದಬೇಕು. ಸ್ಟೆಪ್ ಎಂಬ ತಟಸ್ಥ ರೂಪದಲ್ಲಿ ಇಟ್ಟುಕೊಂಡರೆ ಆಕಾರ ಉಳಿಯುತ್ತದೆ, ಅದನ್ನು ಕಟ್ಟಿದ ಹೆಜ್ಜೆಗಳು ಉಳಿಯುವುದಿಲ್ಲ. ಅಡುಗೆ ಸಿಕ್ಕಿತು, ಮಾಡುವ ವಿಧಾನ ಹೋಯಿತು. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಇದೆ. ಆದರೂ ಸಣ್ಣ ಕಾರ್ಖಾನೆಯವನು ದೊಡ್ಡ ಗಿರಾಕಿಯ ಬಾಗಿಲಲ್ಲಿ ತಿಂಗಳುಗಟ್ಟಲೆ ಕಾಯುತ್ತಾನೆ, ತನ್ನ ಉಪಕರಣದ ಬಾಡಿಗೆಯನ್ನು ಮಾತ್ರ ವರ್ಷದ ಆರಂಭದಲ್ಲೇ ಕಟ್ಟುತ್ತಾನೆ. ಲೇತ್ ಯಂತ್ರವನ್ನು ಹೀಗೆ ಮಾರಿದ್ದರೆ, ಅಂದರೆ ಕಂತು ಎಂದೂ ಮುಗಿಯದು ಎಂದಿದ್ದರೆ, ಆ ಊರಿನಲ್ಲಿ ಒಬ್ಬನೂ ಕೊಳ್ಳುತ್ತಿರಲಿಲ್ಲ.

ಇದಕ್ಕೆ ಕಂಪನಿಗಳ ಪರವಾದ ಉತ್ತರಗಳೂ ಇವೆ, ಎಲ್ಲವೂ ಪೊಳ್ಳಲ್ಲ. ಮೊದಲ ದಿನವೇ ಲಕ್ಷಗಟ್ಟಲೆ ಸುರಿಯಬೇಕಿಲ್ಲ, ಒಂದು ತಿಂಗಳಿಗೆ ಬೇಕಾದರೆ ಒಂದು ತಿಂಗಳಿಗೇ ತೆಗೆದುಕೊಳ್ಳಬಹುದು. ಕೊಂಡ ಸಾಫ್ಟ್‌ವೇರನ್ನು ತೆರಿಗೆಯ ಲೆಕ್ಕದಲ್ಲಿ ವರ್ಷಕ್ಕೆ ಶೇ 40ರಂತೆ ಸವೆಸಬೇಕು, ಚಂದಾ ಆದರೆ ಅದೇ ವರ್ಷದ ಖರ್ಚು. ಲೆಕ್ಕಪರಿಶೋಧಕನಿಗೆ ಇದು ಇಷ್ಟ. ಅದಕ್ಕಿಂತ ಮುಜುಗರದ ಸತ್ಯವೂ ಒಂದಿದೆ. ದೆಹಲಿಯಲ್ಲಿ ಬಹಳ ಜನ ಕೊಂಡದ್ದೇ ಇಲ್ಲ. ಅವರ ಶಾಶ್ವತ ಲೈಸೆನ್ಸ್ ನೆಹರೂ ಪ್ಲೇಸಿನ ಪಾದಚಾರಿ ಮಾರ್ಗದಲ್ಲಿ ಸಿಗುತ್ತಿದ್ದ ಸಿ.ಡಿ. ಅಮೆರಿಕ ಸರ್ಕಾರದ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಗೆ ಆ ಜಾಗ ಸೇರಿದ್ದು ಸುಮ್ಮನೆ ಅಲ್ಲ. ಕಳ್ಳ ಪ್ರತಿಯನ್ನು ಬಲ್ಲವನಾಗಿಯೇ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂನಡಿ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು. ಆಟೊಡೆಸ್ಕ್ ಹೂಡಿದ್ದ ಮೊಕದ್ದಮೆಯಲ್ಲೇ 2008ರಲ್ಲಿ ದೆಹಲಿ ಹೈಕೋರ್ಟು, ಮುಂಚಿತ ಸೂಚನೆಯಿಲ್ಲದೆ ಕಚೇರಿಗೆ ಹೋಗಿ ಕಂಪ್ಯೂಟರ್ ತಪಾಸಿಸುವ ಲೋಕಲ್ ಕಮಿಷನರ್‌ಗಳ ನೇಮಕಕ್ಕೆ ಮಾರ್ಗಸೂಚಿ ಹಾಕಿಕೊಟ್ಟಿತು. ಕಳ್ಳತನ ಕಳ್ಳತನವೇ. ಆದರೆ ಕಳ್ಳನನ್ನು ಹಿಡಿಯುವ ಬಲೆ ಇದ್ದಮೇಲೂ ಹಣ ಕೊಟ್ಟು ಕೊಳ್ಳಲು ಬಂದವನ ಮುಖಕ್ಕೆ ಅಂಗಡಿಯ ಬಾಗಿಲು ಹಾಕಿದ್ದೇಕೆ ಎಂಬ ಪ್ರಶ್ನೆಗೆ ಈ ಯಾವ ವಾದದಲ್ಲೂ ಉತ್ತರವಿಲ್ಲ. ಬಾಡಿಗೆಗೂ ಸಿಗಲಿ. ಕ್ರಯಕ್ಕೆ ಏಕೆ ಸಿಗಬಾರದು?

ಉತ್ತರದ ಸುಳಿವು ನ್ಯಾಯಾಲಯಗಳ ಕಡತಗಳಲ್ಲಿದೆ. 2004ರಲ್ಲಿ ಟಿಸಿಎಸ್ ಮತ್ತು ಆಂಧ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಿದ್ಧ ಸಾಫ್ಟ್‌ವೇರ್ ಸರಕು ಎಂದಿತು. 2021ರ ಮಾರ್ಚ್ 2ರಂದು, ಬೆಂಗಳೂರಿನಿಂದ ಹೋಗಿದ್ದ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ, ವಿದೇಶಿ ಸಾಫ್ಟ್‌ವೇರಿಗೆ ಕೊಟ್ಟ ಹಣ ರಾಯಧನವಲ್ಲ, ಸರಕಿನ ಬೆಲೆ ಎಂದು ಹೇಳಿ ಕರ್ನಾಟಕ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ತೆರಿಗೆ ಉಳಿಸಲು ಉದ್ಯಮ ಅಲ್ಲಿ ಮಂಡಿಸಿದ ವಾದವೇ ಇದು: ನಾವು ಮಾರುವುದು ಪುಸ್ತಕದಂಥ ವಸ್ತು. ಗಿರಾಕಿಯ ಎದುರು ನಿಂತಾಗ ಮಾತು ತಿರುಗುತ್ತದೆ. ಟಿಮೊಥಿ ವರ್ನರ್ ಎಂಬಾತ ಆಟೋಕ್ಯಾಡಿನ ಹಳೆಯ ಪ್ರತಿಗಳನ್ನು ಇಬೇಯಲ್ಲಿ ಮಾರಲು ಹೋದಾಗ, ಅದು ಮಾರಾಟವೇ ಆಗಿರಲಿಲ್ಲ, ಬರೀ ಪರವಾನಗಿ ಎಂದು ವಾದಿಸಿ ಆಟೊಡೆಸ್ಕ್ 2010ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. 2012ರಲ್ಲಿ ಯುರೋಪಿನ ನ್ಯಾಯಾಲಯ ಉಲ್ಟಾ ಹೇಳಿತು: ಕಾಲಮಿತಿಯಿಲ್ಲದ ಲೈಸೆನ್ಸ್ ಎಂದರೆ ಮಾರಾಟವೇ, ಕೊಂಡವನು ಮರುಮಾರಾಟ ಮಾಡಬಹುದು. ಅಲ್ಲಿರುವ ಪದ ಗಮನಿಸಿ, ಕಾಲಮಿತಿಯಿಲ್ಲದ. ಚಂದಾ ಮಾಡಿಬಿಟ್ಟರೆ ಕಾಲಮಿತಿ ಬಂತು, ಮಾರಾಟದ ತಗಾದೆಯೇ ಮುಗಿಯಿತು. ಕೊಂಡವನ ಹಕ್ಕು ಯಾವುದು ಎಂದು ಕೋರ್ಟುಗಳು ಚರ್ಚಿಸುತ್ತಿರುವಾಗಲೇ ಕೊಳ್ಳುವವನನ್ನೇ ಇಲ್ಲವಾಗಿಸಲಾಯಿತು.

ಖಾಸಗಿ ಕಂಪನಿ ತನ್ನ ಲಾಭ ನೋಡಿಕೊಂಡಿತು, ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಸರ್ಕಾರದ್ದು. ದೇಶದ ಹಲವು ನಗರಪಾಲಿಕೆಗಳ ಆನ್‌ಲೈನ್ ಕಟ್ಟಡ ಅನುಮತಿ ವ್ಯವಸ್ಥೆಗಳು ನಕ್ಷೆಯನ್ನು ಡಿಡಬ್ಲ್ಯುಜಿ ರೂಪದಲ್ಲೇ ಕೇಳುತ್ತವೆ. ಮನೆ ಕಟ್ಟುವ ಅನುಮತಿಯ ದಾರಿ ಹೀಗೆ ಒಂದು ಕಂಪನಿಯ ಫೈಲಿನ ಮೂಲಕ ಹಾದುಹೋಗುತ್ತದೆ. ಅದೇ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿ ತಂದಿದೆ, 2015ರಲ್ಲಿ ಮುಕ್ತ ತಂತ್ರಾಂಶದ ನೀತಿ ತಂದಿದೆ; ಎರಡೂ ದೆಹಲಿಯಿಂದಲೇ ಹೊರಟವು. ಕಟ್ಟಡದ ಮಾಹಿತಿಗೆ ಐಎಫ್‌ಸಿ ಎಂಬ ಮುಕ್ತ ರೂಪ ಐಎಸ್‌ಒ ಮಾನಕವಾಗಿದೆ. ಅದನ್ನೂ ಸ್ವೀಕರಿಸುತ್ತೇವೆ ಎಂದು ಪಾಲಿಕೆಗಳು ಒಂದು ಸಾಲಿನ ಸುತ್ತೋಲೆ ಹೊರಡಿಸಿದರೆ ಗೇಣಿಯ ಅರ್ಧ ಹಿಡಿತ ಸಡಿಲವಾಗುತ್ತದೆ.

ಉಳಿದರ್ಧಕ್ಕೂ ಮಾದರಿ ಇದೆ. ಪ್ರೋಗ್ರಾಮರ್‌ಗಳ ಸಾಧನ ಮಾಡುವ ಪ್ರಾಗ್‌ನ ಜೆಟ್‌ಬ್ರೇನ್ಸ್ 2015ರಲ್ಲಿ ಚಂದಾಗೆ ಹೋಗುತ್ತೇವೆ ಎಂದಾಗ ಬಳಕೆದಾರರು ರೊಚ್ಚಿಗೆದ್ದರು. ಕಂಪನಿ ಬಗ್ಗಿತು: ಹನ್ನೆರಡು ತಿಂಗಳು ಕಟ್ಟಿದವನಿಗೆ ಆ ಆವೃತ್ತಿ ಶಾಶ್ವತವಾಗಿ ಅವನದೇ. ಕಂಪನಿಯೇನೂ ಮುಳುಗಲಿಲ್ಲ. ನಕ್ಷೆಯ ಸಾಫ್ಟ್‌ವೇರಿಗೂ ಇದೇ ಕರಾರು ಕೇಳಲು ಅಡ್ಡಿಯೇನು? ಬೆಲ್ಜಿಯಂ ಮೂಲದ ಬ್ರಿಕ್ಸ್‌ಕ್ಯಾಡ್ ಚಂದಾ ಬಂದ ಮೇಲೂ ಶಾಶ್ವತ ಲೈಸೆನ್ಸ್ ಮಾರಿದೆ. ಅದು ಓದಿ ಬರೆಯುವುದು ಅದೇ ಡಿಡಬ್ಲ್ಯುಜಿಯನ್ನು. ದೆಹಲಿಯ ಸೈಟುಗಳು ಮುಚ್ಚಿದ್ದ 2024ರ ಅದೇ ನವೆಂಬರಿನಲ್ಲಿ, ಎರಡು ದಶಕದ ಸ್ವಯಂಸೇವಕರ ದುಡಿಮೆಯ ನಂತರ, ಫ್ರೀಕ್ಯಾಡ್‌ನ 1.0 ಆವೃತ್ತಿ ಬಂತು. ರೆವಿಟ್‌ನ ಜಾಗಕ್ಕೆ ಅದು ಇನ್ನೂ ಬಂದಿಲ್ಲ. ಸಣ್ಣ ಬಿಡಿಭಾಗದ ಕೆಲಸಕ್ಕೆ ಫರೀದಾಬಾದಿನ ಒಂದು ಕಂಪ್ಯೂಟರಿನಲ್ಲಿ ಹಾಕಿ ನೋಡಲು ಅಡ್ಡಿಯಿಲ್ಲ. ನವೀಕರಣದ ಕೊಟೇಶನ್ ಬಂದ ದಿನ ಮೇಜಿನ ಮೇಲೆ ಇನ್ನೊಂದು ದಾರಿ ಇರುವುದೂ ಚೌಕಾಸಿಯಲ್ಲಿ ಲೆಕ್ಕಕ್ಕೆ ಬರುತ್ತದೆ.