ಶೇ 57ಕ್ಕೆ ಗೆದ್ದ ನಿಯಮ, ಶೇ 57ಕ್ಕೆ ಸೋತ ಹಕ್ಕು

2024ರ ನವೆಂಬರ್ 5. ಅಮೆರಿಕ ತನ್ನ ಅಧ್ಯಕ್ಷನನ್ನು ಆರಿಸಿದ ದಿನವೇ ಫ್ಲೋರಿಡಾ ರಾಜ್ಯದ ಜನ ಇನ್ನೊಂದು ಪ್ರಶ್ನೆಗೂ ಮತ ಹಾಕಿದರು: ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಬೇಕೇ? ಸುಮಾರು 60 ಲಕ್ಷ ಜನ ‘ಹೌದು’ ಅಂದರು. ‘ಬೇಡ’ ಅಂದವರು 45 ಲಕ್ಷ. ಬೆಂಬಲ ಶೇ 57.2. ಆದರೂ ತಿದ್ದುಪಡಿ ಬಿದ್ದುಹೋಯಿತು. ಯಾಕೆಂದರೆ ಅಲ್ಲಿ ಸಂವಿಧಾನ ತಿದ್ದಲು ಶೇ 60ರಷ್ಟು ಮತ ಬೇಕು.

ಸರಿ, ಈ ಶೇ 60ರ ಗೆರೆ ಬಂದದ್ದೆಲ್ಲಿಂದ? 2006ರಲ್ಲಿ ಇದೇ ಫ್ಲೋರಿಡಾದ ಮತದಾರರು ಒಪ್ಪಿದ ಮತ್ತೊಂದು ತಿದ್ದುಪಡಿಯಿಂದ. ಆ ತಿದ್ದುಪಡಿಗೆ ಸಿಕ್ಕ ಮತ ಶೇ 57.8. ಅಂದರೆ, ‘ಇನ್ನು ಮುಂದೆ ಶೇ 60 ಬೇಕು’ ಎನ್ನುವ ನಿಯಮಕ್ಕೇ ಶೇ 60 ಸಿಕ್ಕಿರಲಿಲ್ಲ. ಆಗ ಸರಳ ಬಹುಮತ ಸಾಕಿತ್ತು, ನಿಯಮ ಗೆದ್ದಿತು. 18 ವರ್ಷದ ನಂತರ ಹೆಚ್ಚುಕಮ್ಮಿ ಅಷ್ಟೇ ಬೆಂಬಲ ಪಡೆದ ಹಕ್ಕು ಸೋತಿತು. ಆರು ವಾರ ದಾಟಿದ ಗರ್ಭಪಾತವನ್ನು ನಿಷೇಧಿಸುವ ಕಾನೂನು ಅಲ್ಲಿನ ಹೆಣ್ಣುಮಕ್ಕಳ ಮೇಲೆ ಹಾಗೇ ಉಳಿಯಿತು. ಎಷ್ಟೋ ಜನರಿಗೆ ತಾವು ಗರ್ಭಿಣಿ ಎಂದು ಗೊತ್ತಾಗುವುದೇ ಆ ಹೊತ್ತಿಗೆ.

ಇದನ್ನು ಬರೀ ಗರ್ಭಪಾತದ ಪರ-ವಿರೋಧದ ಜಗಳವಾಗಿ ನೋಡಿದರೆ ಅರ್ಧ ಕತೆ ತಪ್ಪಿಹೋಗುತ್ತದೆ. ನನ್ನ ಪ್ರಕಾರ ಅಸಲಿ ಜಗಳ ಇರುವುದು ಗೆಲುವಿನ ಗೆರೆಯನ್ನು ಯಾರು, ಯಾವಾಗ, ಯಾರ ವಿರುದ್ಧ ಎಳೆಯುತ್ತಾರೆ ಎಂಬುದರಲ್ಲಿ.

ನಮ್ಮ ಓದುಗರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ನಮ್ಮಲ್ಲಿ ಕರ್ನಾಟಕಕ್ಕೆ ಪ್ರತ್ಯೇಕ ಸಂವಿಧಾನವಿಲ್ಲ. ಅಮೆರಿಕದಲ್ಲಿ 50 ರಾಜ್ಯಗಳಿಗೂ ತಮ್ಮದೇ ಸಂವಿಧಾನಗಳಿವೆ. ದೇಶದ ಸಂವಿಧಾನದ ತಿದ್ದುಪಡಿಯಲ್ಲಿ ಅಲ್ಲಿನ ಮತದಾರರಿಗೆ ನೇರ ಪಾತ್ರವಿಲ್ಲ. ಆದರೆ ರಾಜ್ಯಗಳ ವಿಷಯವೇ ಬೇರೆ. ಡೆಲಾವೇರ್ ಒಂದನ್ನು ಬಿಟ್ಟರೆ ಉಳಿದೆಲ್ಲ ಕಡೆ ಶಾಸಕಾಂಗ ತರುವ ತಿದ್ದುಪಡಿಗೆ ಜನರ ಮತ ಬೇಕೇ ಬೇಕು. ಇನ್ನು ಒಹಾಯೊ, ಫ್ಲೋರಿಡಾ, ಮಿಸ್ಸೂರಿ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಜನರೇ ಸಹಿ ಸಂಗ್ರಹಿಸಿ, ಶಾಸಕರನ್ನು ಕೇಳದೆಯೇ ತಿದ್ದುಪಡಿಯನ್ನು ಮತಪತ್ರಕ್ಕೆ ತರಬಹುದು. ಶಾಸಕರನ್ನು ರೈಲು ಕಂಪನಿಗಳೂ ಹಣವಂತರೂ ಕೊಂಡುಕೊಳ್ಳುತ್ತಿದ್ದಾರೆ ಎಂಬ ಸಿಟ್ಟಿನಲ್ಲಿ ನೂರು ವರ್ಷದ ಹಿಂದೆ ಹುಟ್ಟಿದ ವ್ಯವಸ್ಥೆ ಇದು. ಒಹಾಯೊದಲ್ಲಿ ಇದು ಬಂದದ್ದು 1912ರಲ್ಲಿ.

2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ರಕ್ಷಣೆಯನ್ನು ತೆಗೆದುಹಾಕಿದ ಮೇಲೆ ಈ ಹಳೆಯ ಆಯುಧಕ್ಕೆ ಹೊಸ ಹರಿತ ಬಂತು. ರಿಪಬ್ಲಿಕನ್ ಬಹುಮತದ ಒಹಾಯೊದಲ್ಲಿ ಹಕ್ಕಿನ ಪರ ಇದ್ದವರು ಸಹಿ ಸಂಗ್ರಹಕ್ಕಿಳಿದರು. ಮತದಾನ 2023ರ ನವೆಂಬರ್‌ನಲ್ಲಿ ನಡೆಯಬೇಕಿತ್ತು. ಶಾಸಕಾಂಗ ಏನು ಮಾಡಿತು ಗೊತ್ತೇ? ಅದಕ್ಕೆ ಮೂರೇ ತಿಂಗಳ ಮೊದಲು, ಆಗಸ್ಟ್ 8ಕ್ಕೆ, ಇನ್ನೊಂದು ತಿದ್ದುಪಡಿಯನ್ನು ಮತಕ್ಕಿಟ್ಟಿತು. ಗೆಲುವಿನ ಗೆರೆ ಶೇ 50ರಿಂದ 60ಕ್ಕೆ ಏರಬೇಕು, ಸಹಿಗಳನ್ನು 44 ಕೌಂಟಿಗಳ ಬದಲು ಎಲ್ಲ 88 ಕೌಂಟಿಗಳಿಂದಲೂ ತರಬೇಕು ಎಂಬುದು ಅದರ ಸಾರ. ಆಗಸ್ಟ್ ಚುನಾವಣೆಗಳಿಗೆ ಖರ್ಚು ಜಾಸ್ತಿ, ಮತದಾರರು ಬರುವುದು ಕಡಿಮೆ ಅಂತ ಹೇಳಿ ಇದೇ ಶಾಸಕಾಂಗ ಕೆಲವೇ ತಿಂಗಳ ಹಿಂದೆ ಅವುಗಳನ್ನು ಬಹುಪಾಲು ರದ್ದು ಮಾಡಿತ್ತು!

ಜನ ಲೆಕ್ಕ ಹಾಕಿದರು. 30 ಲಕ್ಷಕ್ಕೂ ಹೆಚ್ಚು ಮಂದಿ ಮತಗಟ್ಟೆಗೆ ಬಂದರು, ಶೇ 57ರಷ್ಟು ಮಂದಿ ‘ಬೇಡ’ ಅಂದರು. ನವೆಂಬರ್‌ನಲ್ಲಿ ಗರ್ಭಪಾತದ ಹಕ್ಕಿಗೆ ಸಿಕ್ಕ ಮತ ಶೇ 56.8. ಆಗಸ್ಟ್‌ನ ಪ್ರಸ್ತಾವ ಗೆದ್ದಿದ್ದರೆ ಇಷ್ಟು ಬೆಂಬಲ ಇದ್ದೂ ಒಹಾಯೊ ಇನ್ನೊಂದು ಫ್ಲೋರಿಡಾ ಆಗುತ್ತಿತ್ತು.

ಹಾಗಂತ ಗೆರೆ ಎತ್ತರಿಸಬೇಕು ಅನ್ನುವವರ ವಾದವೆಲ್ಲ ಪೊಳ್ಳು ಅಂತ ನಾನು ಹೇಳುವುದಿಲ್ಲ. ಸಂವಿಧಾನ ಎಂದರೆ ಪ್ರತಿ ಚುನಾವಣೆಗೂ ಗೀಚಿ ಒರೆಸುವ ಸ್ಲೇಟಲ್ಲ. 2002ರಲ್ಲಿ ಫ್ಲೋರಿಡಾದ ಜನ ಗಬ್ಬದ ಹಂದಿಗಳನ್ನು ಇಕ್ಕಟ್ಟಿನ ಗೂಡಿನಲ್ಲಿ ಕೂಡಿಹಾಕಬಾರದು ಎಂಬುದನ್ನು ಸಂವಿಧಾನಕ್ಕೇ ಬರೆದರು. ಉದ್ದೇಶ ಒಳ್ಳೆಯದೇ, ಆದರೆ ಜಾಗ ಅದಲ್ಲ. 2009ರಲ್ಲಿ ಒಹಾಯೊ ಸಂವಿಧಾನದೊಳಕ್ಕೆ ಕ್ಯಾಸಿನೊಗಳೇ ಬಂದು ಕೂತವು, ಯಾವ ನಾಲ್ಕು ನಗರಗಳಲ್ಲಿ ಅನ್ನುವುದರ ಸಮೇತ. ಲಾಭ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶೇ 52ರಷ್ಟು ಮತದಾರರು ಸಲಿಂಗಿಗಳ ಮದುವೆಯ ಹಕ್ಕನ್ನೇ ಕಿತ್ತುಕೊಂಡರು. ಬಹುಮತ ಯಾವಾಗಲೂ ನ್ಯಾಯದ ಕಡೆಗೇ ಇರುತ್ತದೆ ಎಂದು ನಂಬುವವರು ಇದನ್ನು ಮರೆಯಬಾರದು.

ಹಾಗಾಗಿ ಎತ್ತರದ ಗೆರೆಯೇ ತಪ್ಪಲ್ಲ. ಆದರೆ ಗೆರೆ ಎತ್ತರಿಸುವವರು ತಾವು ಮೊದಲು ಅದನ್ನು ದಾಟಬೇಕು. 2022ರಲ್ಲಿ ಅರಿಜೋನಾದ ಮತದಾರರು, ತೆರಿಗೆಯ ಪ್ರಸ್ತಾವಗಳಿಗೆ ಇನ್ನು ಶೇ 60 ಮತ ಬೇಕು ಎಂಬ ನಿಯಮವನ್ನು ಒಪ್ಪಿದರು. ಒಪ್ಪಿದ್ದು ಶೇ 50.7 ಮತಗಳಿಂದ! ತಾನು ಏಣಿ ಹತ್ತಿದ ಮೇಲೆ ಅದನ್ನು ಒದೆಯುವುದು ಅಂದರೆ ಇದೇ ಅಲ್ವಾ?

ಮಿಸ್ಸೂರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ 2024ರಲ್ಲಿ ಶೇ 51.6 ಮತದಿಂದ ಗರ್ಭಪಾತದ ಹಕ್ಕು ಸಂವಿಧಾನ ಸೇರಿತು. 2025ರ ಸೆಪ್ಟೆಂಬರ್‌ನಲ್ಲಿ ಶಾಸಕಾಂಗ ಹೊಸ ಪ್ರಸ್ತಾವವೊಂದನ್ನು ಅಂಗೀಕರಿಸಿತು: ಜನ ಸಹಿ ಹಾಕಿ ತರುವ ತಿದ್ದುಪಡಿ ಗೆಲ್ಲಬೇಕಾದರೆ ರಾಜ್ಯದ ಎಂಟೂ ಸಂಸತ್ ಕ್ಷೇತ್ರಗಳಲ್ಲಿ ಬಹುಮತ ಬೇಕು. ಏಳರಲ್ಲಿ ಭರ್ಜರಿಯಾಗಿ ಗೆದ್ದು ಒಂದರಲ್ಲಿ ಸ್ವಲ್ಪದರಲ್ಲಿ ಸೋತರೂ ಕತೆ ಮುಗಿಯಿತು. ಶಾಸಕರೇ ತರುವ ತಿದ್ದುಪಡಿಗಳಿಗೆ ಮಾತ್ರ ಹಳೆಯ ಸರಳ ಬಹುಮತವೇ ಸಾಕು. ಈ ಪ್ರಸ್ತಾವ ಗೆಲ್ಲುವುದಕ್ಕೂ ಅಷ್ಟೇ ಸಾಕು.

ಗೆರೆಯ ಜೊತೆ ಪದಗಳ ಆಟವೂ ನಡೆಯುತ್ತದೆ. 2023ರಲ್ಲಿ ಒಹಾಯೊ ಅಧಿಕಾರಿಗಳು ಮತಪತ್ರದ ಸಾರಾಂಶದಲ್ಲಿ ‘ಭ್ರೂಣ’ ಎಂಬ ಪದ ತೆಗೆದು ‘ಹುಟ್ಟದ ಮಗು’ ಎಂದು ಬರೆದರು. ಮುಂದಿನ ವರ್ಷ, ಪಕ್ಷಗಳ ಲಾಭಕ್ಕಾಗಿ ಕ್ಷೇತ್ರಗಳನ್ನು ಕತ್ತರಿಸುವುದನ್ನು ತಡೆಯಲು ಬಂದ ಪ್ರಸ್ತಾವಕ್ಕೆ, ಅದು ಹಾಗೆ ಕತ್ತರಿಸುವುದನ್ನೇ ಕಡ್ಡಾಯ ಮಾಡುತ್ತದೆ ಎಂಬರ್ಥದ ಸಾರಾಂಶ ಅಂಟಿಸಿದರು. ಆ ಪ್ರಸ್ತಾವ ಸೋತಿತು.

ಇದರಲ್ಲಿ ನಮಗೇನಿದೆ? ನಮ್ಮಲ್ಲಿ ಸಂವಿಧಾನ ತಿದ್ದಲು ಜನಮತಗಣನೆ ಇಲ್ಲ. 368ನೇ ವಿಧಿ ಆ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ, ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಬೇಕು. ಅದರಾಚೆ ಇರುವ ತಡೆ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ 1973ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮೂಲ ಸಂರಚನೆಯ ತೀರ್ಪು. ನಮ್ಮ ಬೀಗದ ಕೀ ನ್ಯಾಯಾಲಯದ ಕೈಯಲ್ಲಿದೆ, ಅವರದ್ದು ಮತಪತ್ರದಲ್ಲಿದೆ. ಯಾವುದು ಮೇಲು ಅನ್ನುವ ಚರ್ಚೆ ಇರಲಿ. ಆಟ ನಡೆಯುತ್ತಿರುವಾಗಲೇ ಅಧಿಕಾರದಲ್ಲಿರುವವರು ನಿಯಮ ಬದಲಿಸಲು ಹೊರಟರೆ ಎರಡೂ ಕಡೆ ಅಪಾಯ ಒಂದೇ.

ಗೆರೆ ಎತ್ತರಿಸುವ ಪ್ರಸ್ತಾವ ಎಲ್ಲಿ ಬಂದರೂ ನಾನು ಕೇಳುವ ಪ್ರಶ್ನೆಗಳು ಮೂರು. ಅದು ಹೊಸ ಗೆರೆಯನ್ನು ತಾನೇ ದಾಟಿ ಗೆಲ್ಲಲು ತಯಾರಿದೆಯೇ? ಶಾಸಕರಿಗೂ ಜನರಿಗೂ ಒಂದೇ ಗೆರೆಯೇ? ಈಗಾಗಲೇ ಸಹಿ ಸಂಗ್ರಹ ನಡೆಯುತ್ತಿರುವ ವಿಷಯವನ್ನು ಬಿಟ್ಟು ಮುಂದಿನ ಸಲದಿಂದ ಜಾರಿಗೆ ಬರುತ್ತದೆಯೇ? ಮೂರಕ್ಕೂ ‘ಹೌದು’ ಎಂದರೆ ಅದು ಸಂವಿಧಾನದ ಮೇಲಿನ ಕಾಳಜಿ. ಒಂದಕ್ಕೆ ‘ಇಲ್ಲ’ ಎಂದರೂ ಅದು ಸೋಲಿನ ಭಯ, ಅಷ್ಟೇ.