ಕತ್ತರಿಯೂ ಕೆಲಸಗಾರನ ಎದೆಯೂ

ಗಿಡಗಳಿಂದ ಮನುಷ್ಯನು ಪಡೆಯುವ ಎಷ್ಟೋ ಪದಾರ್ಥಗಳಿಗೆ ಎರಡು ಕೊಯ್ಲುಗಳುಂಟು. ಮೊದಲನೆಯದು ಹೊಲದಲ್ಲಿ ಆಗುವುದು. ಅದನ್ನು ಎಲ್ಲರೂ ಬಲ್ಲರು. ಎರಡನೆಯದು ಜಗುಲಿಯ ಮೇಲೆಯೋ ಕೊಟ್ಟಿಗೆಯ ಮೂಲೆಯಲ್ಲಿಯೋ ಕುಳಿತು, ಬೇಕಾದ ಭಾಗವನ್ನು ಬೇಡವಾದುದರಿಂದ ಬಿಡಿಸುವ ಕೆಲಸ. ಕಾಶ್ಮೀರದ ಪಾಂಪೋರಿನಲ್ಲಿ ಕೇಸರಿ ಹೂವಿನಿಂದ ಮೂರು ಕೆಂಪು ಎಳೆಗಳನ್ನು ಬೆರಳ ತುದಿಯಿಂದ ಹೆಕ್ಕುವವರೂ, ನಮ್ಮ ಮಲೆನಾಡಿನಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರೂ ಮಾಡುವುದು ಈ ಎರಡನೆಯ ಕೊಯ್ಲನ್ನೇ. ಸಸ್ಯಶಾಸ್ತ್ರದ ಪಠ್ಯಗಳಲ್ಲಿ ಇದರ ವಿಚಾರ ಬಂದರೆ ಒಂದು ಸಾಲು ಬಂದೀತು.

ಇಂಥ ಕೊಯ್ಲುಗಳಲ್ಲಿ ವಿಚಿತ್ರವಾದುದು ಗಾಂಜಾ ಹೂವಿನದು. ಹೆಸರು ಕೇಳಿದೊಡನೆ ಕೆಲವು ವಾಚಕರು ಹುಬ್ಬೇರಿಸಬಹುದು. ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಈ ಗಿಡವನ್ನು ಬೆಳೆಯುವುದು 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಅಪರಾಧ. ಎಳೆಯರ ಮೆದುಳಿಗೆ ಅದರ ಸೇವನೆಯಿಂದ ಆಗುವ ಕೇಡಿನ ಬಗೆಗೆ ವೈದ್ಯರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಆದರೆ ಕೆಲವು ದೇಶಗಳಲ್ಲಿ ಅದು ಈಗ ತೆರಿಗೆ ಕೊಡುವ ಉದ್ಯಮವಾಗಿದೆ. ಉರುಗ್ವೆ 2013ರಲ್ಲಿ ಕಾನೂನು ಮಾಡಿತು. ಕೆನಡದಲ್ಲಿ 2018ರ ಅಕ್ಟೋಬರ್ 17ರಂದು ಕಾಯಿದೆ ಜಾರಿಗೆ ಬಂದಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅದೇ ವರ್ಷದ ಮೊದಲ ದಿನದಿಂದ ವಯಸ್ಕರಿಗೆ ಬಹಿರಂಗ ಮಾರಾಟ ಆರಂಭವಾಯಿತು. ಉದ್ಯಮವೆಂದ ಮೇಲೆ ಕೆಲಸಗಾರರು ಬೇಕು. ಹೂಗೊಂಚಲಿನ ಎಲೆಗಳನ್ನು ಕತ್ತರಿಯಿಂದ ಸವರುವುದೇ ವೃತ್ತಿಯಾದ ಸಾವಿರಾರು ಜನರು ಅಲ್ಲಿದ್ದಾರೆ. ಈ ಲೇಖನ ಅವರನ್ನು ಕುರಿತದ್ದು. ಹೂವು ಕೆಡದಂತೆ ಸವರುವ ತಂತ್ರವನ್ನು ಬಲ್ಲವರು ಸೊಗಸಾಗಿ ವಿವರಿಸುತ್ತಾರೆ; ಸವರುವವನು ಕೆಡದಂತೆ ನೋಡಿಕೊಳ್ಳುವುದನ್ನು ಮಾತ್ರ ತಂತ್ರದ ಭಾಗವೆಂದು ಎಣಿಸುವುದಿಲ್ಲ. ಇದು ಅರೆವಿಜ್ಞಾನವೆಂದು ನನ್ನ ಅಭಿಪ್ರಾಯ.

ಮೊದಲು ಗಿಡವನ್ನು ನೋಡೋಣ. ಲಿನೇಯಸನು 1753ರಲ್ಲಿ ಇದಕ್ಕೆ ಕ್ಯಾನಬಿಸ್ ಸಟೈವ ಎಂದು ಹೆಸರಿಟ್ಟನು. ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಬೇರೊಂದು ಗಿಡದಲ್ಲಿ ಬಿಡುವುದು ಇದರ ಸಾಮಾನ್ಯ ಧರ್ಮ. ಹೆಣ್ಣು ಹೂವಿಗೆ ಬಣ್ಣದ ದಳಗಳ ವೈಭವವಿಲ್ಲ. ಪುಟ್ಟದೊಂದು ಪುಷ್ಪಪತ್ರದ ಮಡಿಲಿನಲ್ಲಿ ಅಡಗಿಕೊಂಡು, ಎರಡು ದಾರದೆಳೆಗಳಂಥ ಶಲಾಕಾಗ್ರಗಳನ್ನು ಗಾಳಿಗೆ ಚಾಚಿರುತ್ತದೆ. ಇಂಥ ಹೂಗಳು ಒತ್ತೊತ್ತಾಗಿ ಸೇರಿ ಗೊಂಚಲಾಗುತ್ತವೆ. ಪುಷ್ಪಪತ್ರದ ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಂಡುಸೂಜಿಗಳನ್ನು ನೆಟ್ಟಂತೆ ಗ್ರಂಥಿರೋಮಗಳು ಕಾಣುತ್ತವೆ. ಸೂಜಿಯ ತಲೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ದೊಡ್ಡದಾಗಿರುವುದು ವಿರಳ. ಆ ತಲೆಯೊಳಗೆ ರಾಳ ತುಂಬಿರುತ್ತದೆ. ಗಿಡದ ಗಂಧವೂ ಅಲ್ಲಿಯೇ, ಅಮಲಿನ ಮೂಲವೂ ಅಲ್ಲಿಯೇ. ಈ ಮೂಲವಸ್ತುವನ್ನು ಇಸ್ರೇಲಿನ ಗಾವೋನಿ ಮತ್ತು ಮೆಕೂಲಮ್ ಎಂಬ ರಸಾಯನ ವಿಜ್ಞಾನಿಗಳು 1964ರಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ನಿರ್ಧರಿಸಿದರು. ಹಸಿ ಗಿಡದಲ್ಲಿ ಅದು ಬಹುಮಟ್ಟಿಗೆ ಆಮ್ಲರೂಪದಲ್ಲಿರುತ್ತದೆ. ಕಾವು ತಗಲಿ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡ ಮೇಲೆಯೇ ಮಾದಕವಾಗುತ್ತದೆ. ಆದುದರಿಂದ ಕತ್ತರಿ ಹಿಡಿದವನು ದಿನವೆಲ್ಲ ಅಮಲಿನಲ್ಲಿ ತೇಲುತ್ತಿರುತ್ತಾನೆ ಎಂಬ ಹಾಸ್ಯಕ್ಕೆ ಆಧಾರವಿಲ್ಲ. ಅವನಿಗೆ ತಗಲುವ ಅಪಾಯ ಬೇರೆಯದು. ಅದನ್ನು ಮುಂದೆ ಹೇಳುತ್ತೇನೆ.

ಗ್ರಂಥಿಗಳು ಎಲ್ಲೆಡೆ ಒಂದೇ ಸಮನಾಗಿಲ್ಲ. ಅಂಗೈ ಬಿಚ್ಚಿದಂತಿರುವ ದೊಡ್ಡ ಎಲೆಗಳಲ್ಲಿ ಅವು ಬಹಳ ಕಡಮೆ, ಗೊಂಚಲಿನ ನಡುವೆ ತಲೆಯೆತ್ತುವ ಚಿಕ್ಕ ಎಲೆಗಳ ಬುಡದಲ್ಲಿ ಸ್ವಲ್ಪ, ಪುಷ್ಪಪತ್ರದಲ್ಲಿ ಹೇರಳ. ಕಾನೂನಿನ ಗಡಿಯೂ ಈ ಸಸ್ಯಶಾಸ್ತ್ರದ ಗಡಿಯನ್ನೇ ಹಿಡಿದು ಸಾಗಿರುವುದು ಸ್ವಾರಸ್ಯದ ವಿಷಯ. 1961ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿಯೂ 1985ರ ನಮ್ಮ ಕಾಯಿದೆಯಲ್ಲಿಯೂ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿಯೇ ಗಾಂಜಾ. ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜಗಳು ಆ ವ್ಯಾಖ್ಯೆಯಿಂದ ಹೊರಗೆ. ನ್ಯಾಯಶಾಸ್ತ್ರಜ್ಞರು ಕಾಗದದ ಮೇಲೆ ಎಳೆದ ಈ ಗೆರೆಯನ್ನು ಗಿಡದ ಮೇಲೆ ಎಳೆಯುವವನು ಕತ್ತರಿಯ ಕೆಲಸಗಾರ.

ಗೆರೆ ಎಳೆಯುವ ಕ್ರಮ ಹೀಗಿದೆ. ಉದ್ದ ತೊಟ್ಟಿನ ದೊಡ್ಡ ಎಲೆಗಳನ್ನು ಮೊದಲು ಕೈಯಿಂದಲೇ ಮುರಿದು ತೆಗೆಯುತ್ತಾರೆ. ಆಮೇಲೆ ಕಿರಿದಾದ ಮೊನೆಯುಳ್ಳ ಸಣ್ಣ ಕತ್ತರಿಯ ಸರದಿ. ಕಸಬು ತಿಳಿದವನು ಗೊಂಚಲನ್ನು ಮುಟ್ಟುವುದೇ ಇಲ್ಲ. ಕಡ್ಡಿಯನ್ನು ಎಡಗೈಯಲ್ಲಿ ಹಿಡಿದು ಅದನ್ನೇ ಮೆಲ್ಲಗೆ ತಿರುಗಿಸುತ್ತಾನೆ. ಬಲಗೈಯ ಕತ್ತರಿ ಇದ್ದಲ್ಲೇ ಇರುತ್ತದೆ. ಎಲೆಯ ತೊಟ್ಟು ಗೊಂಚಲಿನೊಳಗೆ ಹುದುಗಿರುವುದರಿಂದ ಮೊನೆಯನ್ನು ಒಳಕ್ಕೆ ತೂರಿಸಿ ಬುಡದಲ್ಲಿ ಕತ್ತರಿಸಬೇಕು. ಆಗದಿದ್ದರೆ ಗೊಂಚಲಿನ ಮೇಲ್ಮೈಗೆ ಸಮನಾಗಿ ಸವರಬೇಕು. ಬೆರಳಿನಿಂದ ಒತ್ತಿದರೆ ಗ್ರಂಥಿಯ ತಲೆ ಒಡೆದು ರಾಳ ಕೈಗೆ ಅಂಟುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕತ್ತರಿಯ ಅಲಗುಗಳೂ ಹಲಸಿನ ಅಂಟು ಮೆತ್ತಿದ ಚಾಕುವಿನಂತಾಗುತ್ತವೆ. ಹಲಸು ಹೆಚ್ಚುವ ಮನೆಯಲ್ಲಿ ಕೈಗೆ ಎಣ್ಣೆ ಸವರಿಕೊಳ್ಳುವುದರ ಹಿಂದೆ ಯಾವ ತತ್ತ್ವವಿದೆಯೋ ಅದೇ ಇಲ್ಲಿಯೂ ಇದೆ: ರಾಳ ನೀರಿಗೆ ಬಗ್ಗುವುದಿಲ್ಲ, ಎಣ್ಣೆಯಲ್ಲಿಯೂ ಮದ್ಯಸಾರದಲ್ಲಿಯೂ ಕರಗುತ್ತದೆ. ಎರಡು ಕತ್ತರಿಗಳನ್ನಿಟ್ಟುಕೊಂಡು, ಒಂದು ಮದ್ಯಸಾರದಲ್ಲಿ ನೆನೆಯುತ್ತಿರುವಾಗ ಇನ್ನೊಂದನ್ನು ಬಳಸುವುದು ರೂಢಿ.

ಹಸಿಯದರಲ್ಲಿ ಸವರುವುದೋ, ಒಣಗಿಸಿ ಸವರುವುದೋ ಎಂಬ ವಿಷಯದಲ್ಲಿ ಎರಡು ಪಂಥಗಳಿವೆ, ಒಂದನ್ನೊಂದು ಒಪ್ಪುವುದಿಲ್ಲ. ಹಸಿಯದರಲ್ಲಿ ಎಲೆಗಳು ಬಿರುಸಾಗಿ ಹೊರಚಾಚಿರುವುದರಿಂದ ಕತ್ತರಿಗೆ ಸುಲಭವಾಗಿ ಸಿಗುತ್ತವೆ. ಗೊಂಚಲೂ ಬೇಗ ಒಣಗುತ್ತದೆ. ಆದರೆ ಹೀಗೆ ಅವಸರದಲ್ಲಿ ಒಣಗಿದ ಹೂವು ಬೇಗ ಆವಿಯಾಗುವ ಗಂಧದ್ರವ್ಯಗಳನ್ನು ಕಳೆದುಕೊಳ್ಳುತ್ತದೆ. ಕೊಂಬೆಗಳನ್ನು ಎಲೆಸಮೇತ ತೂಗಹಾಕಿ, 15ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರಕ್ಕೆ 50ರಿಂದ 60ರಷ್ಟು ಸಾಪೇಕ್ಷ ಆರ್ದ್ರತೆ ಇರುವ ಕತ್ತಲೆ ಕೋಣೆಯಲ್ಲಿ ವಾರಕ್ಕೂ ಮಿಗಿಲಾಗಿ ಬಿಟ್ಟರೆ, ಎಲೆಗಳೇ ಮುದುರಿ ಹೊದಿಕೆಯಾಗಿ ಹೂವಿನ ತೇವವನ್ನು ನಿಧಾನವಾಗಿ ಬಿಟ್ಟುಕೊಡುತ್ತವೆ. ಗುಣ ಹೆಚ್ಚೆಂದು ಬೆಲೆಯೂ ಹೆಚ್ಚು. ಈ ಎರಡನೆಯ ಮಾರ್ಗದಲ್ಲಿ ಎಲೆ ಗರಿಗರಿಯಾಗುತ್ತದೆ. ಕತ್ತರಿ ತಾಗಿದೊಡನೆ ಪುಡಿಯಾಗುತ್ತದೆ. ಆ ಪುಡಿ ಎಲ್ಲಿಗೆ ಹೋಯಿತೆಂದು ಎರಡೂ ಪಂಥದವರು ಕೇಳಿಕೊಳ್ಳುವುದು ಕಡಮೆ.

ಈ ಕುಶಲತೆ ನಿನ್ನೆ ಮೊನ್ನೆ ಹುಟ್ಟಿದುದೇನೂ ಅಲ್ಲ. ಈಗ ಬಾಂಗ್ಲಾದೇಶಕ್ಕೆ ಸೇರಿರುವ ನಾವೊಗಾಂವ್ ಪ್ರದೇಶದಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿ ಪರವಾನೆಯ ಗಾಂಜಾ ಬೆಳೆ ನಡೆಯುತ್ತಿತ್ತು. ಕಲ್ಕತ್ತದ ಸಸ್ಯೋದ್ಯಾನದ ಡೇವಿಡ್ ಪ್ರೇನ್ ಅದನ್ನು ಪರೀಕ್ಷಿಸಿ 1893ರಲ್ಲಿ ವರದಿ ಬರೆದನು. ಮರುವರ್ಷ ಮುಗಿದ ಗಾಂಜಾ ಆಯೋಗದ ವಿಚಾರಣೆಯಲ್ಲಿಯೂ ಆ ವಿವರಗಳು ಸೇರಿವೆ. ಅಲ್ಲಿ ಹೊಲದಿಂದ ಗಂಡು ಗಿಡಗಳನ್ನು ಗುರುತಿಸಿ ಕಿತ್ತುಹಾಕಲು ಅನುಭವಸ್ಥನೊಬ್ಬನನ್ನು ಕರೆಸುತ್ತಿದ್ದರು. ಅವನನ್ನು ಅಧಿಕಾರಿಗಳು ಗಾಂಜಾ ವೈದ್ಯನೆಂದೇ ಕರೆದರು. ಕೊಯ್ದ ತುದಿಗಳನ್ನು ಬಿಸಿಲಿಗೆ ಬಾಡಿಸಿ, ಕಾಲಿನಿಂದ ತುಳಿದು ಒತ್ತಿ ಚಪ್ಪಟೆ ಗಾಂಜಾವನ್ನು ಮಾಡುತ್ತಿದ್ದರು. ಉರುಟಾಗಿ ಹೊರಳಿಸಿದ್ದು ದುಂಡು ಗಾಂಜಾ, ಮುರಿದು ಉದುರಿದ್ದು ಚೂರು. ಈ ಮೂರು ಬಗೆಗಳನ್ನೂ ತೆರಿಗೆಯ ದೃಷ್ಟಿಯಿಂದ ತೂಗಿ ಅಳೆದು ದಾಖಲಿಸಿದ ಆಡಳಿತದ ಗಮನವೆಲ್ಲ ಸರಕಿನ ಮೇಲಿತ್ತು. ಇಂದಿನ ಉದ್ಯಮದ ಗಮನವೂ ಅಲ್ಲಿಯೇ ಇದೆ ಎಂದರೆ ಕಟುವಾಯಿತೆಂದು ಯಾರೂ ಭಾವಿಸಬಾರದು.

ಇಷ್ಟು ಕಷ್ಟವೇಕೆ, ಯಂತ್ರವಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಯಂತ್ರವಿದೆ. ಜಾಲರಿಯ ಪೀಪಾಯಿಯೊಂದು ತಿರುಗುತ್ತಿರುವಾಗ ಹೊರಗಿನ ಅಲಗುಗಳು ಕಂಡಿಗಳಿಂದ ಇಣುಕುವ ಎಲೆಗಳನ್ನು ಕೊಯ್ದುಹಾಕುತ್ತವೆ. ವೇಗದಲ್ಲಿ ಮನುಷ್ಯನು ಅದಕ್ಕೆ ಸಾಟಿಯಲ್ಲ. ಆದರೆ ಗೊಂಚಲುಗಳು ಪೀಪಾಯಿಯಲ್ಲಿ ಉರುಳಿ ತಿಕ್ಕಾಡುವುದರಿಂದ ಗ್ರಂಥಿಗಳು ಉದುರುತ್ತವೆ. ಇನ್ನೂ ಒಂದು ಕೊರತೆ ಉಂಟು. ದಟ್ಟವಾದ ಗೊಂಚಲಿನ ಒಳಗೆ ಬೊಟ್ರೈಟಿಸ್ ಎಂಬ ಬೂದುಬಣ್ಣದ ಬೂಷ್ಟು ಹೊರಗೆ ಕಾಣದಂತೆ ಬೆಳೆಯುತ್ತದೆ. ಒಂದು ಎಲೆ ಅಕಾಲದಲ್ಲಿ ಬಾಡಿ ಹಳದಿಯಾದದ್ದನ್ನು ಕಂಡೇ ಅನುಭವಿಯಾದ ಕೆಲಸಗಾರ ಆ ಗೊಂಚಲನ್ನು ಬಿಡಿಸಿ ನೋಡುತ್ತಾನೆ. ಪೀಪಾಯಿಯಾದರೋ ಕೊಳೆತ ಒಂದನ್ನು ನೂರರ ಜೊತೆ ಉರುಳಿಸಿ ಬೂಷ್ಟಿನ ಬೀಜಾಣುಗಳನ್ನು ಎಲ್ಲಕ್ಕೂ ಹಂಚುತ್ತದೆ. ಆದುದರಿಂದ ಉತ್ತಮ ದರ್ಜೆಯ ಸರಕಿಗೆ ಇಂದಿಗೂ ಕೈಯನ್ನೇ ನಂಬಿದ್ದಾರೆ.

ಆ ಕೈಯ ಗತಿ ಏನು? ಬೆರಳುಗಳು ದಿನವೊಂದಕ್ಕೆ ಸಾವಿರಾರು ಸಲ ಒಂದೇ ರೀತಿಯಲ್ಲಿ ಮುಚ್ಚಿ ತೆರೆಯುತ್ತವೆ. ವಾಷಿಂಗ್ಟನ್ ರಾಜ್ಯದ ತೆರೆದ ಹೊಲವೊಂದರ ಕೆಲಸವನ್ನು ಪರಿಶೀಲಿಸಿದ ಅಮೆರಿಕದ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ 2017ರ ವರದಿಯಲ್ಲಿ, ಕೈಯಿಂದ ಸವರುವ ಕೆಲಸದ ಈ ಪುನರಾವರ್ತನೆಯನ್ನು ಎತ್ತಿ ಹೇಳಿತು. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಸ್ನಾಯುರಜ್ಜುಗಳ ಜೊತೆಗೆ ನರವೊಂದು ಹಾದುಹೋಗುತ್ತದೆ. ರಜ್ಜುಗಳು ಉಜ್ಜಿ ಬಾತರೆ ನರ ಅಮುಕಿಹೋಗಿ ಬೆರಳುಗಳು ಜೋಮು ಹಿಡಿಯುತ್ತವೆ. ತೂಕಕ್ಕೆ ಇಷ್ಟೆಂದು ಕೂಲಿ ಗೊತ್ತುಮಾಡಿದಲ್ಲಿ ಯಾರು ತಾನೇ ಕೈ ನಿಲ್ಲಿಸಿಯಾರು? ಹಗುರವಾಗಿ ಹಿಂದಕ್ಕೆ ಚಿಮ್ಮುವ ಕತ್ತರಿ, ಮೊಣಕೈ ಊರಲು ತಕ್ಕ ಎತ್ತರದ ಮೇಜು, ಗಂಟೆಗೊಮ್ಮೆ ಬೇರೆ ಕೆಲಸಕ್ಕೆ ಬದಲಿ: ಇವುಗಳಿಗೆ ಹೆಚ್ಚಿನ ಹಣ ಬೇಡ.

ಧೂಳಿನ ವಿಷಯ ಇದಕ್ಕಿಂತ ಗಂಭೀರ. ಇಟಲಿಯ ವೈದ್ಯ ರಾಮಾಜಿನಿ 1700ರಲ್ಲಿ ಕಸಬುದಾರರ ರೋಗಗಳನ್ನು ಕುರಿತು ಗ್ರಂಥ ಬರೆದನು. ರೋಗಿಯನ್ನು ಕಂಡೊಡನೆ ನಿನ್ನ ಕಸಬು ಯಾವುದೆಂದು ಕೇಳಬೇಕೆಂದು ವೈದ್ಯರಿಗೆ ಕಲಿಸಿದವನು ಅವನೇ. ಇದೇ ಕ್ಯಾನಬಿಸ್ ಗಿಡದ ನಾರನ್ನು ಹಿಕ್ಕುವವರು ಧೂಳನ್ನು ಉಸಿರಾಡಿ ಕೆಮ್ಮು ಉಬ್ಬಸಗಳಿಂದ ನರಳುವುದನ್ನು ಅವನು ಅದರಲ್ಲಿ ವರ್ಣಿಸಿದ್ದಾನೆ. 1960ರ ದಶಕದಲ್ಲಿ ಸ್ಪೇನಿನ ಕಲ್ಯೋಸ ದ ಸೆಗೂರ ಎಂಬ ಊರಿನ ನಾರು ಕೆಲಸಗಾರರಲ್ಲಿಯೂ ಅದೇ ಬಗೆಯ ಶ್ವಾಸಕೋಶದ ಕೆಡುಕನ್ನು ಸಂಶೋಧಕರು ಅಳೆದು ತೋರಿಸಿದರು. ಹತ್ತಿಯ ಗಿರಣಿಗಳಲ್ಲಿ ರಜೆ ಮುಗಿಸಿ ಬಂದ ದಿನ ಎದೆ ಬಿಗಿಯುವ ಬಿಸಿನೋಸಿಸ್ ರೋಗ ಇದರ ಸೋದರ. ನಮ್ಮ 1948ರ ಕಾರ್ಖಾನೆ ಕಾಯಿದೆಯ ರೋಗಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆತಿತ್ತು. ಹತ್ತಿಯ ನಾಡಾದ ನಮ್ಮ ಬಯಲುಸೀಮೆಯವರು ಇದನ್ನು ದೂರದ ಕಥೆಯೆಂದು ಎಣಿಸಬೇಕಾಗಿಲ್ಲ.

ಹೂವಿನ ಧೂಳಿನಲ್ಲಿ ಸಸ್ಯದ ಪ್ರೋಟೀನುಗಳೂ ಬೂಷ್ಟಿನ ಬೀಜಾಣುಗಳೂ ಬ್ಯಾಕ್ಟೀರಿಯಗಳ ವಿಷಾಂಶಗಳೂ ಕೂಡಿರುತ್ತವೆ. ಕೆಲವರ ದೇಹ ಇವುಗಳಲ್ಲೊಂದನ್ನು ಶತ್ರುವೆಂದು ಗುರುತಿಸಿ ಪ್ರತಿವಸ್ತುಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಈ ಸಿದ್ಧತೆಗೆ ವಾರಗಳೂ ತಿಂಗಳುಗಳೂ ಹಿಡಿಯುತ್ತವೆ. ಅಷ್ಟು ಕಾಲ ಮೂಗು ಸೋರುವುದು, ಕಣ್ಣು ತುರಿಸುವುದು ಬಿಟ್ಟರೆ ಹೆಚ್ಚೇನೂ ಕಾಣದೆ ಇರಬಹುದು. ಒಮ್ಮೆ ಸಿದ್ಧತೆ ಮುಗಿದ ಮೇಲೆ ಚಿಟಿಕೆ ಧೂಳಿಗೂ ಶ್ವಾಸನಾಳಗಳು ಸೆಟೆದುಕೊಳ್ಳುತ್ತವೆ. 2022ರ ಜನವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 27 ವರ್ಷದ ಹೆಣ್ಣುಮಗಳೊಬ್ಬಳು ಹೀಗೆ ಸತ್ತಳು. ಕಾನೂನುಬದ್ಧ ಗಾಂಜಾ ಘಟಕವೊಂದರಲ್ಲಿ ಹೂವನ್ನು ಯಂತ್ರದಲ್ಲಿ ಪುಡಿಮಾಡುವ ಕೋಣೆ ಅವಳ ಕೆಲಸದ ಜಾಗವಾಗಿತ್ತು. ಸೇರಿದ ಕೆಲವು ತಿಂಗಳುಗಳಲ್ಲಿಯೇ ಉಸಿರಾಟದ ತೊಂದರೆ ಆರಂಭವಾಗಿ, ಕೊನೆಗೆ ಕೆಲಸದ ಹೊತ್ತಿನಲ್ಲಿಯೇ ಕುಸಿದಳು. ಆ ದೇಶದ ಗಾಂಜಾ ಉದ್ಯಮದಲ್ಲಿ ವೃತ್ತಿಜನ್ಯ ಆಸ್ತಮಾದಿಂದಾದ ಮರಣವಾಗಿ ವರದಿಯಾದುದು ಅದೇ ಮೊದಲೆಂದು 2023ರ ನವೆಂಬರಿನಲ್ಲಿ ಅಲ್ಲಿಯ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆ ಪ್ರಕಟಿಸಿತು. ಅವಳ ಕೈಯಲ್ಲಿದ್ದುದು ಕತ್ತರಿಯಲ್ಲ ನಿಜ. ಆದರೆ ಒಣಗಿದ ಎಲೆಯನ್ನು ಕತ್ತರಿಸಿದಾಗ ಏಳುವ ಧೂಳೂ ಅದೇ ಹೂವಿನದು, ಪ್ರಮಾಣ ಮಾತ್ರ ಕಡಮೆ.

ಮುಖಕ್ಕೊಂದು ಮುಸುಕು ಕೊಟ್ಟರೆ ಸಾಲದೇ ಎಂದು ಮಾಲೀಕರು ಕೇಳುತ್ತಾರೆ. ಸಾಲದು. ಮುಸುಕು ಮುಖಕ್ಕೆ ಸರಿಯಾಗಿ ಕೂರಬೇಕು. ಎಂಟು ಗಂಟೆ ಸೆಕೆಯಲ್ಲಿ ಕುಳಿತವನು ಅದನ್ನು ಎಷ್ಟು ಸಲ ಕೆಳಕ್ಕೆ ಎಳೆದುಕೊಳ್ಳುತ್ತಾನೆಂಬುದನ್ನು ಲೆಕ್ಕ ಹಾಕಬೇಕು. ಧೂಳನ್ನು ಅದು ಹುಟ್ಟಿದ ಸ್ಥಳದಲ್ಲಿಯೇ ಹಿಡಿಯುವುದು ಸರಿಯಾದ ದಾರಿ. ಮೇಜಿನ ಮೇಲ್ಭಾಗವನ್ನು ಜಾಲರಿಯಾಗಿ ಮಾಡಿ, ಗಾಳಿಯನ್ನು ಕೆಳಮುಖವಾಗಿ ಸೆಳೆದು ಶೋಧಿಸಿ ಹೊರಬಿಟ್ಟರೆ ಪುಡಿ ಮೂಗಿನವರೆಗೆ ಏರುವುದೇ ಇಲ್ಲ. ಉದುರಿದ ಗ್ರಂಥಿಗಳನ್ನು ಸಂಗ್ರಹಿಸಲೆಂದು ಜಾಲರಿಯ ತಟ್ಟೆಗಳನ್ನು ಈಗಾಗಲೇ ಇಟ್ಟುಕೊಂಡಿರುವವರಿಗೆ ಇದು ತಿಳಿಯದ ವಿದ್ಯೆಯಲ್ಲ; ರಾಳದ ಕಣ ನಷ್ಟವಾಗಬಾರದೆಂಬ ಜಾಣ್ಮೆ ಅದೇ ಮೇಜಿನ ಮೇಲೆ ಕೂಲಿಯವನ ಉಸಿರಿಗೂ ಸ್ವಲ್ಪ ಒದಗಲಿ. ನೆಲವನ್ನು ಪೊರಕೆಯಿಂದ ಗುಡಿಸುವುದನ್ನು ನಿಲ್ಲಿಸಿ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸಕ್ಕೆ ಸೇರುವ ದಿನವೇ ಪ್ರತಿಯೊಬ್ಬನ ಉಸಿರಿನ ಬಲವನ್ನು ಅಳೆದು ಬರೆದಿಟ್ಟು, ಮೂರನೆಯ ತಿಂಗಳಿನಲ್ಲಿ ಮತ್ತೊಮ್ಮೆ ಅಳೆದು ನೋಡಬೇಕು. ಇಳಿದಿದ್ದರೆ ಅವನನ್ನು ಕತ್ತರಿಯ ಕೋಣೆಯಿಂದ ತೋಟದ ಕೆಲಸಕ್ಕೆ, ಅದೇ ಕೂಲಿಯಲ್ಲಿ, ವರ್ಗಮಾಡಬೇಕು. ಕೂಲಿ ಕಡಮೆಯಾಗುವುದಾದರೆ ಯಾವ ಕೆಲಸಗಾರನೂ ತನ್ನ ಕೆಮ್ಮನ್ನು ಬಾಯಿಬಿಟ್ಟು ಹೇಳಲಾರನು.